ಜೀವವಿಲ್ಲದ ತೂಕ

ಮೋಹನದಾಸ್ ತನ್ನ ಹೆಂಡತಿಯನ್ನು ಈರುಳ್ಳಿ ತೂಗುವ ಯಂತ್ರದ ಮೇಲೆ ನಿಲ್ಲಿಸಿದ್ದು ಆಷಾಢದ ಒಂದು ಭಾನುವಾರ ಮಧ್ಯಾಹ್ನ, ತನ್ನದೇ ಹೋಟೆಲಿನ ಉಗ್ರಾಣದಲ್ಲಿ, ಅಡುಗೆ ಭಟ್ಟರು ನೋಡುತ್ತಿದ್ದಂತೆ. ಯಂತ್ರ ತೋರಿಸಿದ ಅಂಕಿ ಈ ಕತೆಗೆ ಬೇಕಿಲ್ಲ. ಬೇಕಿದ್ದರೂ ಬರೆದು ಬದುಕುವುದು ಕಷ್ಟ. ಆದರೆ ಮೋಹನದಾಸ್ ಅದನ್ನು ಗಟ್ಟಿಯಾಗಿ ಓದಿದ, ನಾಸಿಕ್‌ನಿಂದ ಬಂದ ಈರುಳ್ಳಿ ಚೀಲದ ತೂಕ ಓದುವ ಧ್ವನಿಯಲ್ಲೇ. ಆಮೇಲೆ ಅಕ್ಕನ ಮಗ ಚೇತನನನ್ನು ಹತ್ತಿಸಿದ. ಅವನ ಅಂಕಿಯನ್ನೂ ಓದಿದ. ಎರಡರ ನಡುವಿನ ವ್ಯತ್ಯಾಸವನ್ನು ಬಾಯಲ್ಲೇ ಗುಣುಗುಣಿಸಿ, ಮುಖ ಅರಳಿಸಿಕೊಂಡ.

"ಬೇಸರ ಮಾಡ್ಕೊಳ್ಬೇಡ ಮಾರಾಯ್ತಿ. ಈ ಸಲ ದಸರಾ ಓಟಕ್ಕೆ ನನ್ನ ಜೊತೆ ಚೇತನ ಕೂರ್ಲಿ. ನೀನು ದಡದಲ್ಲಿ ಕೂತು ಆರಾಮ ನೋಡು."

ಪ್ರಫುಲ್ಲಾ ಯಂತ್ರದಿಂದ ಇಳಿದಳು. ಅವಳು ಉಗ್ರಾಣಕ್ಕೆ ಬಂದದ್ದೇ ಗಂಡನಿಗೆ ಒಂದು ಮುಖ್ಯ ಸಂಗತಿ ಹೇಳುವುದಕ್ಕೆ. ನಾಲಗೆಯ ತುದಿಗೆ ಬಂದಿದ್ದ ಆ ಮಾತನ್ನು ಅಲ್ಲೇ ನುಂಗಿದಳು. ಚಪ್ಪಲಿ ಮೆಟ್ಟಿಕೊಂಡು ಭಟ್ಟರತ್ತ ಒಮ್ಮೆ ನೋಡಿದಳು. ಭಟ್ಟರು ಗಡಿಬಿಡಿಯಿಂದ ಕುಂಬಳಕಾಯಿ ಹೆಚ್ಚತೊಡಗಿದರು. ಅವಳು ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದಳು.

ನುಂಗಿದ ಆ ಮಾತು ಯಾವುದು ಎಂದು ತಿಳಿಯಬೇಕಾದರೆ ಮೊದಲು ದೋಣಿಯ ವಿಷಯ ಗೊತ್ತಾಗಬೇಕು.

ಪುಣೆಯ ಸಿಂಹಗಡ ರಸ್ತೆಯಲ್ಲಿ ಹೋಟೆಲು ಇಟ್ಟವನಿಗೂ ದೋಣಿಗೂ ಎತ್ತಣ ಸಂಬಂಧ ಎಂದು ಕೇಳಿದರೆ, "ನಾವು ಮಲ್ಪೆ ಕಡೆಯವರು, ಸಮುದ್ರ ನಮ್ಮ ರಕ್ತದಲ್ಲೇ ಉಂಟು" ಎಂದು ಮೋಹನದಾಸ್ ಎದೆ ತಟ್ಟಿ ಹೇಳುತ್ತಿದ್ದ. ಅದು ಶುದ್ಧ ಬೊಗಳೆ. ಅವನ ಮನೆತನದಲ್ಲಿ ಎಲ್ಲರೂ ಅಡುಗೆಯವರು. ಚಿಕ್ಕಂದಿನಲ್ಲಿ ಅವನು ಇಳಿದ ಅತಿ ಆಳದ ನೀರೆಂದರೆ ದೇವಸ್ಥಾನದ ಕೆರೆಯ ಎರಡನೆಯ ಮೆಟ್ಟಿಲು. ದೋಣಿಯ ಮನೆಯವಳು ಪ್ರಫುಲ್ಲಾ. ಅವಳ ಅಪ್ಪ ಹಂಗಾರಕಟ್ಟೆಯಲ್ಲಿ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದರು. ನಡೆಯಲು ಕಲಿಯುವ ಮೊದಲೇ ಅವಳು ಆ ಹೊಳೆಯನ್ನು ಎಷ್ಟು ಸಲ ದಾಟಿದ್ದಳೋ.

ಪುಣೆಗೆ ಬಂದು ಹೋಟೆಲು ಕೈಹಿಡಿದ ಮೇಲೆ ಗಂಡಹೆಂಡಿರಿಬ್ಬರೂ ಖಡಕವಾಸಲಾ ಅಣೆಕಟ್ಟಿನ ಹಿನ್ನೀರಿನ ಒಂದು ನೌಕಾ ಮಂಡಳ ಸೇರಿದರು. ಅಲ್ಲಿಯವರು ಓಡಿಸುವುದು ಜೋಡುದೋಣಿ: ಉದ್ದುದ್ದ ಎರಡು ಸಪೂರ ದೋಣಿಗಳನ್ನು ಅಡ್ಡಕ್ಕೆ ಜೋಡಿಸಿ, ನಡುವೆ ಬಲೆಯಂಥ ಬಟ್ಟೆ ಬಿಗಿದು, ಮೇಲೆ ಹಾಯಿ ಕಟ್ಟಿದ್ದು. ಗಾಳಿ ಜೋರಾದಾಗ ಒಂದು ಬದಿ ನೀರಿನಿಂದ ಮೇಲಕ್ಕೇಳುತ್ತದೆ. ಆಗ ಒಬ್ಬರು ಆ ಬದಿಗೆ ಜಾರಿ, ಹೊರಕ್ಕೆ ವಾಲಿ ಕೂತು ಅದನ್ನು ತಗ್ಗಿಸಬೇಕು. ಇನ್ನೊಬ್ಬರು ಚುಕ್ಕಾಣಿ ಹಿಡಿಯಬೇಕು. ಪ್ರತಿಯೊಬ್ಬ ಸದಸ್ಯನೂ ತನ್ನ ದೋಣಿಯನ್ನು ತಾನೇ ಕಟ್ಟಬೇಕು, ಪ್ಲೈವುಡ್ಡಿನಲ್ಲೇ ಕಟ್ಟಬೇಕು ಎಂದು ಮಂಡಳದ ನಿಯಮ. ಪುಣೆಯಲ್ಲಿ ನಾಲ್ಕು ಜನ ಸೇರಿದಲ್ಲಿ ಮೊದಲು ನಿಯಮ ಹುಟ್ಟುತ್ತದೆ, ಆಮೇಲೆ ಚಹಾ ಬರುತ್ತದೆ.

ಮೋಹನದಾಸನ ಹಳೆಯ ದೋಣಿಯಲ್ಲಿ ಪ್ರಫುಲ್ಲಾ ಕೂರಲು ಅಡ್ಡಕ್ಕೆ ಒಂದು ಹಲಗೆ ಇತ್ತು. ಹಲಸಿನ ಮರದ್ದು. ಹಂಗಾರಕಟ್ಟೆಯಲ್ಲಿ ಸೇತುವೆಯಾಗಿ ಅಪ್ಪನ ದೋಣಿಯನ್ನು ಒಡೆದಾಗ, ಜನ ಕೂತು ಕೂತು ನುಣ್ಣಗಾಗಿದ್ದ ಆ ಹಲಗೆಯನ್ನು ಅವಳು ತೆಂಗಿನಕಾಯಿ ಲಾರಿಯ ಮೇಲೆ ಹಾಕಿಸಿ ತರಿಸಿದ್ದಳು. ಅದರ ಮೇಲೆ ಕೂತು ಹೊರಕ್ಕೆ ವಾಲಿದರೆ ಅವಳಿಗೆ ಪುಣೆ ಮರೆಯುತ್ತಿತ್ತು. ವಾರದ ಆರು ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಚಿಲ್ಲರೆ ಎಣಿಸುವ ಹೆಂಗಸಿಗೆ ಭಾನುವಾರದ ಆ ಹಲಗೆ ಎಂದರೆ ಏನೆಂದು ಯಾರಿಗಾದರೂ ಬಿಡಿಸಿ ಹೇಳಬೇಕೇ? ಮೋಹನದಾಸನಿಗೆ ಹೇಳಬೇಕಿತ್ತು ಎಂಬುದೇ ಸಮಸ್ಯೆ.

ಅವನ ಚಿಂತೆ ಬೇರೆ. ಪ್ರತಿ ದಸರೆಯ ಓಟವನ್ನೂ ಪೇಂಡ್ಸೆ ಕಾಕಾ ಎಂಬ ಒಣಕಲು ಮುದುಕರು ಗೆಲ್ಲುತ್ತಿದ್ದರು. ಗೆದ್ದು ಬಂದು, "ನಿಮ್ಮ ಇಡ್ಲಿ ಹಗುರ, ಶೇಟ್, ದೋಣಿ ಮಾತ್ರ ಭಾರ" ಎಂದು ಮರಾಠಿಯಲ್ಲಿ ತಣ್ಣಗೆ ಹೇಳುತ್ತಿದ್ದರು. ಅದು ಅವನಿಗೆ ವರ್ಷವಿಡೀ ಚುಚ್ಚುತ್ತಿತ್ತು.

ಆಗ ಬಂದವನೇ ಚೇತನ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ ಕೆಲಸಕ್ಕೆ ಸೇರಿದ್ದ. "ಮಾವ, ಪ್ಲೈವುಡ್ಡೆಲ್ಲ ಔಟ್‌ಡೇಟೆಡ್. ಕಾರ್ಬನ್ ಫೈಬರ್ ಹಾಕಿದ್ರೆ ಸ್ಟ್ರೆಂತ್ ಡಬಲ್, ವೆಯ್ಟ್ ಏನೂ ಇಲ್ಲ," ಎಂದ. ಮೋಹನದಾಸ್ ಆ ರಾತ್ರಿಯಿಂದಲೇ ನಿದ್ದೆಯಲ್ಲಿ ಕಾರ್ಬನ್ ಎನ್ನತೊಡಗಿದ.

ಆದರೆ ನಿಯಮ ಪ್ಲೈವುಡ್ ಎನ್ನುತ್ತಿತ್ತು. ನಿಯಮ ಬದಲಿಸಲು ಸಭೆ ಬೇಕು. ಮೋಹನದಾಸ್ ಸಭೆಯನ್ನು ತನ್ನ ಹೋಟೆಲಿನ ಮಾಳಿಗೆಯಲ್ಲೇ ಕರೆದ. ಅದೇ ಆ ಆಷಾಢದ ಭಾನುವಾರ, ಬೆಳಿಗ್ಗೆ. ಹೊರಗೆ ಮಳೆ, ಒಳಗೆ ಬಿಸಿಬಿಸಿ ಗೋಳಿಬಜೆ, ಕಾಯಿಚಟ್ನಿ. ಕಾರ್ಬನ್ ಎಂದರೆ ಪೆನ್ಸಿಲ್ಲಿನ ಸೀಸವೋ ಕಾಗದವೋ ಎಂದು ತಿಳಿಯದವರೂ ಬಾಯ್ತುಂಬ ಗೋಳಿಬಜೆ ಇಟ್ಟುಕೊಂಡು ಕೈ ಎತ್ತಿದರು. "ಯಾವ ಸಾಮಗ್ರಿಯಿಂದಲಾದರೂ ದೋಣಿ ಕಟ್ಟಬಹುದು" ಎಂಬುದು ಪಾಸಾಯಿತು. ಪೇಂಡ್ಸೆ ಕಾಕಾ ಸಹ ಕೈ ಎತ್ತಿದ್ದರು, ಚಟ್ನಿ ಬೇಕೆಂದೋ ಒಪ್ಪಿಗೆಯೆಂದೋ ಗೊತ್ತಾಗಲಿಲ್ಲ.

ಮೋಹನದಾಸ್ ಸಂತೋಷದಿಂದ ಉಬ್ಬಿಹೋದ. ತಟ್ಟೆಗಳು ಖಾಲಿಯಾದದ್ದು ಕಣ್ಣಿಗೆ ಬಿತ್ತು. ಹೋಟೆಲಿನವನು ಮನೆ ಹೊತ್ತಿ ಉರಿದರೂ ಸಹಿಸಿಯಾನು, ಅತಿಥಿಯ ಎದುರಿನ ಖಾಲಿ ತಟ್ಟೆಯನ್ನು ಸಹಿಸಲಾರ. "ಒಂದ್ನಿಮಿಷ, ಎರಡನೇ ಸುತ್ತು ಬಿಸಿ ತರಿಸ್ತೇನೆ" ಎಂದು ತಾನೇ ಅಡುಗೆಮನೆಗೆ ಧಾವಿಸಿದ.

ಅವನು ಬಾಣಲೆಯ ಮುಂದೆ ನಿಂತಿದ್ದಾಗ ಮೇಲೆ ಮಲಕಪ್ಪ ಎದ್ದ. ಮಲಕಪ್ಪ ವಿಜಯಪುರ ಕಡೆಯವನು, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಸಗಟು ವ್ಯಾಪಾರಿ. ನೀರಿಗಿಳಿದವನಲ್ಲ, ಇಳಿಯುವ ಆಸೆಯೂ ಇಲ್ಲ. ಮಂಡಳದಲ್ಲಿ ಅವನ ಕೆಲಸ ತೂಗುವುದು, ಯಾಕೆಂದರೆ ದೋಣಿ ತೂಗುವಷ್ಟು ದೊಡ್ಡ ಕಾಟಾ ಇದ್ದದ್ದು ಅವನೊಬ್ಬನ ಬಳಿ.

"ಸಾಮಾನು ಯಾವುದರ ಹಾಕ್ರಿ, ಬ್ಯಾಡ ಅನ್ನಂಗಿಲ್ಲ," ಎಂದ ಮಲಕಪ್ಪ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. "ಆದ್ರ ತೂಕ ಎಲ್ಲಾರಿಗೂ ಒಂದಽ ಇರಬೇಕು. ಪ್ಲೈವುಡ್ ದೋಣಿ ಎಷ್ಟು ತೂಗತದ, ಹೊಸಾದೂ ಅಷ್ಟಽ ತೂಗಬೇಕು. ಕಮ್ಮಿ ಬಿದ್ದರ ಗಟ್ಟಿ ತೂಕ ಕಟ್ಟಿ ತುಂಬಿಸಬೇಕು. ಇಲ್ಲಂದ್ರ ರೊಕ್ಕಿದ್ದವರ ಆಟ ಆಗತದ ಇದು."

ಮಾತು ಪ್ರಫುಲ್ಲಾಗೆ ಸರಿಯೆನಿಸಿತು. ಎಲ್ಲರೂ ಕೈ ಎತ್ತಿದರು. ಅವಳೂ ಎತ್ತಿದಳು. ಅಷ್ಟರಲ್ಲಿ ಎರಡನೇ ಸುತ್ತಿನ ಗೋಳಿಬಜೆ ಬಂತು, ಸಭೆ ಮುಗಿಯಿತು. ಎಲ್ಲರನ್ನೂ ಕಳಿಸಿ, ಎಂಜಲು ತಟ್ಟೆ ತೆಗೆಸಿ, ಇದನ್ನು ಹೇಳೋಣವೆಂದೇ ಅವಳು ಕೆಳಗೆ ಉಗ್ರಾಣಕ್ಕೆ ಬಂದದ್ದು. ಅಲ್ಲಿ ಗಂಡ ಈರುಳ್ಳಿ ಯಂತ್ರದ ಪಕ್ಕ ನಿಂತು, "ಬಾ ಬಾ, ಇದರ ಮೇಲೆ ಒಮ್ಮೆ ನಿಲ್ಲು" ಎಂದಿದ್ದ.

ಅವಳು ಹೇಳಲಿಲ್ಲ. ಯಾರಾದರೂ ಹೇಳುತ್ತಾರೆ ಬಿಡು ಎಂದುಕೊಂಡಳು. ಉಳಿದವರೆಲ್ಲ ಹೆಂಡತಿ ಹೇಳಿರುತ್ತಾಳೆ ಬಿಡು ಎಂದುಕೊಂಡರು.

ಶ್ರಾವಣ, ಭಾದ್ರಪದ ಎರಡೂ ತಿಂಗಳು ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ರೆಸಿನ್ ಎಂಬ ಅಂಟಿನ ವಾಸನೆ. ಸಾಂಬಾರಿಗೂ ಅದೇ ವಾಸನೆ ಹತ್ತಿತೆಂದು ಗಿರಾಕಿಗಳು ಗೊಣಗಿದರು. ಚೇತನ ಕರಿಯ ಬಟ್ಟೆಯಂಥ ಕಾರ್ಬನ್ನನ್ನು ಅಚ್ಚಿನ ಮೇಲೆ ಹಾಸುತ್ತಿದ್ದ, ಮೋಹನದಾಸ್ ದೋಸೆಗೆ ಎಣ್ಣೆ ಸವರಿದ ಕೈಯಲ್ಲೇ ಅದಕ್ಕೆ ರೆಸಿನ್ ಸವರುತ್ತಿದ್ದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಸವರುತ್ತಿದ್ದ. ಎರಡು ಕರಿಯ ದೋಣಿಗಳು ಎದ್ದುನಿಂತಾಗ ಪ್ರಫುಲ್ಲಾ ಸಹ ಒಂದು ಗಳಿಗೆ ಕಣ್ಣರಳಿಸಿ ನೋಡಿದಳು. ಚೆಂದ ಇದ್ದದ್ದನ್ನು ಚೆಂದ ಇಲ್ಲ ಎನ್ನುವುದು ಹೇಗೆ?

ಆದರೆ ತೂಕ ಇಳಿಸುವ ಹುಚ್ಚು ಅಷ್ಟಕ್ಕೆ ನಿಲ್ಲಲಿಲ್ಲ. ಬೋಲ್ಟುಗಳ ತುದಿ ಕತ್ತರಿಸಿದರು. ಚುಕ್ಕಾಣಿಯ ಹಿಡಿಯಲ್ಲಿ ತೂತು ಕೊರೆದರು. ಬಣ್ಣ ಭಾರವೆಂದು ಹೆಸರು ಬರೆಸಲಿಲ್ಲ. ಒಂದು ದಿನ ಮೋಹನದಾಸ್ ಚೇತನನ ಗುಂಗುರು ಕೂದಲನ್ನೇ ದಿಟ್ಟಿಸುತ್ತಿದ್ದ. ಮರುದಿನ ಹುಡುಗ ಮಂಡೆ ಬೋಳಿಸಿಕೊಂಡು ಊಟಕ್ಕೆ ಬಂದ.

ಪಾಪ ಎನಿಸಿ, ಪ್ರಫುಲ್ಲಾ ಆ ದಿನ ಹೇಳಿಯೇ ಬಿಡುವುದೆಂದು ಬಡಿಸುವ ಸೌಟು ಕೆಳಗಿಟ್ಟಳು. ಅಷ್ಟರಲ್ಲಿ ಮೋಹನದಾಸ್ ಅನ್ನ ಕಲಸುತ್ತ ಚೇತನನಿಗೆ ಹೇಳಿದ: "ಆ ಹಲಸಿನ ಹಲಗೆ ಒಂದೇ ಮೂವತ್ತು ಕಿಲೋ ಇತ್ತು ಮಾರಾಯ! ಇಷ್ಟು ವರ್ಷ ಸುಮ್ಮನೆ ಹೊತ್ತದ್ದು ನೋಡು. ಈಗ ತೆಗೆದು ಉಗ್ರಾಣದಲ್ಲಿ ಬೆಲ್ಲದ ಡಬ್ಬಿಯ ಹಿಂದೆ ಹಾಕಿದ್ದೇನೆ."

ಪ್ರಫುಲ್ಲಾ ಮತ್ತೆ ಸೌಟು ಎತ್ತಿಕೊಂಡಳು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡಕ್ಕೂ ಉತ್ತರವೆಂಬಂತೆ ಗಂಡನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದಳು. ಅವನು ಬೇಡವೆನ್ನದೆ ತಿಂದ. ದೋಣಿಯ ಬೋಲ್ಟು ಕತ್ತರಿಸಿದವನಿಗೆ ತನ್ನ ಹೊಟ್ಟೆ ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ತೂಗುವ ದಿನ ಮಹಾನವಮಿಯ ಬೆಳಿಗ್ಗೆ. ಮಲಕಪ್ಪ ಕಾಟಾವನ್ನು ಹಿನ್ನೀರಿನ ದಡಕ್ಕೆ ತರಿಸಿದ್ದ. ಸಂಜೆ ಖಂಡೇನವಮಿ ಪೂಜೆಗೆ ಕಾಟಾ ಕೂರಬೇಕು, ಬೇಗ ಮುಗಿಸಿ ಎಂದು ಅವಸರಿಸುತ್ತಿದ್ದ. ಪ್ಲೈವುಡ್ ದೋಣಿಗಳನ್ನು ಆರಾರು ಜನ ಹೊತ್ತು ತಂದಿಟ್ಟರು. ಮೋಹನದಾಸ್ ಮತ್ತು ಚೇತನ ಇಬ್ಬರೇ ತಮ್ಮದನ್ನು ಎತ್ತಿ ತಂದರು. ಜನ ಹೋ ಎಂದರು. ಮೋಹನದಾಸ್ ಪೇಂಡ್ಸೆ ಕಾಕಾ ಕಡೆ ನೋಡಿ ನಕ್ಕ. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

"ಭಾಳ ಹಗೂರ ಅದರಿ ಮೋಹನದಾಸಣ್ಣಾರ," ಎಂದ ಮಲಕಪ್ಪ.

"ಹಗುರ ಇರ್ಲಿಕ್ಕೇ ಅಲ್ವಾ ಮಾಡಿದ್ದು!"

"ಮೂವತ್ತು ಕಿಲೋ ಕಮ್ಮಿ ಬಿತ್ತರಿ. ನಾಳೆ ಓಟದೊಳಗ ತುಂಬಿಸಬೇಕು."

"ಎಂತ ತುಂಬಿಸುವುದು? ಯಾವ ನಿಯಮ ಇದು? ಯಾವಾಗ ಆಯ್ತು?"

"ನೀವು ಗೋಳಿಬಜೆ ಕರಿಯಾಕ ಹೋಗಿದ್ರಲ್ಲರಿ, ಅವಾಗ. ಎಲ್ಲಾರೂ ಕೈ ಎತ್ತಿದ್ರು," ಎಂದವನೇ ಮಲಕಪ್ಪ ಪ್ರಫುಲ್ಲಾಳತ್ತ ಅರ್ಧ ತಿರುಗಿ, ಅವಳ ಮುಖ ನೋಡಿ, ಕಾಟಾದ ಕಾಲು ಸರಿಯಿದೆಯೇ ಎಂದು ಬಗ್ಗಿ ಪರೀಕ್ಷಿಸತೊಡಗಿದ. ಬೆಲ್ಲದ ವ್ಯಾಪಾರಿಗೆ ಮಾತು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ.

ಮೋಹನದಾಸನ ಮುಖ ಬಾಡಿದ ಬಾಳೆಲೆಯಾಯಿತು. ಸುತ್ತ ಒಮ್ಮೆ ನೋಡಿದ. ನೋಟ ಹೆಂಡತಿಯ ಮೇಲೆ ನಿಂತಿತು. ಕಣ್ಣು ಹೊಳೆಯಿತು.

"ಹಾಗಾದ್ರೆ ಪ್ರಫುಲ್ಲಾ ಮೂರನೆಯವಳಾಗಿ ಕೂರ್ಲಿ! ಮೂವತ್ತಕ್ಕಿಂತ ಎಷ್ಟೋ ಹೆಚ್ಚೇ ಆಗ್ತದೆ."

ಮಲಕಪ್ಪ ಕೈಮುಗಿದ. "ಆಗಂಗಿಲ್ರಿ. ಇಬ್ಬರು ಹೊರಡಬೇಕು, ಇಬ್ಬರು ಮುಟ್ಟಬೇಕು, ಅದು ಹಳೇ ನಿಯಮ. ಇನ್ನ ತುಂಬಿಸೋ ತೂಕ ಅಂದ್ರ ಒಂದೊಂದು ಗಟ್ಟಿ ತುಂಡು ಇರಬೇಕು, ಉಸುಗು ನೀರು ನಡಿಯಂಗಿಲ್ಲ, ಮತ್ತ ಜೀವ ಇಲ್ಲದ್ದು ಇರಬೇಕು. ವೈನಿ ಜೀವ ಇದ್ದವರು."

"ಮಲಕಪ್ಪಣ್ಣನಿಗಾದರೂ ಕಂಡಿತಲ್ಲ," ಎಂದು ಹೇಳಿ ಪ್ರಫುಲ್ಲಾ ಕಾರಿನಲ್ಲಿ ಹೋಗಿ ಕೂತಳು.

ಅಂದು ಮಧ್ಯಾಹ್ನದ ಹೊತ್ತಿಗೆ ಅವಳು ಹೋಟೆಲಿನಲ್ಲಿ ಆಯುಧಪೂಜೆ ಮುಗಿಸಿದಳು. ಅತ್ತೆಯ ಕಾಲದಿಂದ ಬಂದ ಕ್ರಮ ಅದು: ವಾಹನ ಬಿಟ್ಟರೆ ಪೂಜೆಗೆ ಕೂತ ಯಾವುದನ್ನೂ ದಸರೆಯ ಮಧ್ಯಾಹ್ನ ಮಂಗಳಾರತಿ ಆಗುವವರೆಗೆ ಯಾರೂ ಜರುಗಿಸಬಾರದು, ಅಲ್ಲಿಯವರೆಗೆ ಹೋಟೆಲಿಗೂ ಬೀಗ. ಮೊದಲ ಹೋಟೆಲಿನ ರುಬ್ಬುಗುಂಡು, ಈಗಿನ ಗ್ರೈಂಡರು, ಸಿಲಿಂಡರುಗಳು, ದೋಸೆಕಾವಲಿ, ಹಳೆಯ ಕಬ್ಬಿಣದ ತೂಕದ ಕಲ್ಲುಗಳು, ಎಲ್ಲಕ್ಕೂ ಅರಿಸಿನ ಕುಂಕುಮ, ಚೆಂಡುಹೂವು. ಈರುಳ್ಳಿ ಯಂತ್ರಕ್ಕೂ ಒಂದು ಬೊಟ್ಟು ಬಿತ್ತು, ಸ್ವಲ್ಪ ಒತ್ತಿಯೇ ಬಿತ್ತು. ಹೋಟೆಲಿನಲ್ಲಿ ಭಾರವಾದದ್ದು ಯಾವುದೂ ಕುಂಕುಮ ತಪ್ಪಿಸಿಕೊಂಡಿರಲಿಲ್ಲ, ಒಂದರ ಹೊರತು. ಉಗ್ರಾಣದಿಂದ ಹಲಸಿನ ಹಲಗೆಯನ್ನು ಭಟ್ಟರ ಕೈಲಿ ಎತ್ತಿಸಿ, ಒರೆಸಿ, ಮನೆಯ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿಸಿದಳು. ಅದಕ್ಕೆ ಬೊಟ್ಟು ಇಡಲಿಲ್ಲ.

ಇಷ್ಟೇ ಅವಳು ಮಾಡಿದ್ದು. ಗಟ್ಟಿ ತುಂಡು, ಜೀವವಿಲ್ಲದ್ದು, ಮೂವತ್ತು ಕಿಲೋ, ಆಯುಧವೂ ಅಲ್ಲ. ಬಾಯಿಬಿಟ್ಟು ಹೇಳುವ ಹಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳಿಗೆ ಕೆಲಸ ಮುಗಿಯಬೇಕಿರಲಿಲ್ಲ, ಇವನಿಗೆ ನೆನಪಾಗಬೇಕಿತ್ತು.

ಮೋಹನದಾಸ್ ಬಂದ. ಹಲಗೆಗೆ ಕೈಯೂರಿ ನಿಂತು ಚಪ್ಪಲಿ ಕಳಚಿದ. "ಪ್ರಫುಲ್ಲಾ, ರುಬ್ಬುಗುಂಡು ಕೊಡು. ನುಣ್ಣಗುಂಟು, ದೋಣಿಗೆ ಗೀರು ಬೀಳುವುದಿಲ್ಲ."

"ಪೂಜೆಗೆ ಕೂತಿದೆ."

"ಸಿಲಿಂಡರ್?"

"ಅದೂ ಕೂತಿದೆ."

"ದಡದ ಕಲ್ಲನ್ನೇ ಕಟ್ಟುವಾ?" ಎಂದು ಚೇತನನನ್ನು ಕೇಳಿದ.

"ಬೇಡ ಮಾವ, ಚೂಪು ಕಲ್ಲು ಉಜ್ಜಿದ್ರೆ ಸ್ಕಿನ್ ತೂತಾಗುತ್ತೆ. ಕಾರ್ಬನ್ ತುಂಬ ತೆಳು."

ಮಾವ ಅಳಿಯ ಇಬ್ಬರೂ ಹಲಗೆಯ ಪಕ್ಕದಲ್ಲೇ ನಿಂತು ತಲೆ ಕೆರೆದುಕೊಂಡರು. ಆಮೇಲೆ ಮೋಹನದಾಸ್ ತೊಡೆ ತಟ್ಟಿದ. "ಬೆಲ್ಲ! ಮಲಕಪ್ಪನ ಬೆಲ್ಲದ ಪೆಂಟಿ! ಹತ್ತು ಕಿಲೋದ್ದು ಮೂರು. ಗಟ್ಟಿ ತುಂಡು. ಸರಕು, ಆಯುಧ ಅಲ್ಲ. ಪೂಜೆಗೆ ಕೂತಿರುವುದಿಲ್ಲ!"

ಪ್ರಫುಲ್ಲಾ ಗಂಡನ ಮುಖವನ್ನೇ ನೋಡಿದಳು. ನೀರಿನ ಮೇಲೆ ಬೆಲ್ಲ ಕಟ್ಟಿಕೊಂಡು ಹೋಗುವವನಿಗೆ ಏನೆಂದು ಹೇಳುವುದು? "ಒಳ್ಳೆಯದಾಯ್ತು," ಎಂದಳು.

ಸಂಜೆಯೊಳಗೆ ಮೂರು ಪೆಂಟಿ ಬೆಲ್ಲ ಹಿನ್ನೀರಿನ ದಡಕ್ಕೆ ಬಂತು. ನೀರು ತಾಗಬಾರದೆಂದು ಚೇತನ ಹೋಟೆಲಿನ ಪಾರ್ಸಲ್ ಕವರುಗಳನ್ನು ಹತ್ತಾರು ಸುತ್ತು ಸುತ್ತಿ, ಹಗ್ಗದಿಂದ ಬಿಗಿದು ಕಟ್ಟಿದ. ಸಾಂಬಾರನ್ನು ಪುಣೆಯ ಇನ್ನೊಂದು ತುದಿಯ ಮಗರಪಟ್ಟಾದವರೆಗೂ ಸೋರಿಸಿಕೊಂಡು ಹೋಗುವ ಕವರುಗಳವು. ಗಿರಾಕಿಗಳಿಗೆಲ್ಲ ಗೊತ್ತಿದ್ದ ಈ ಸಂಗತಿ ಮಾಲೀಕನಿಗೆ ಮಾತ್ರ ಗೊತ್ತಿರಲಿಲ್ಲ. ಬೆಲ್ಲ ಕಟ್ಟಿದ ದೋಣಿ ಬೆಳಗಿನವರೆಗೆ ಹುಲ್ಲಿನ ಮೇಲೆ ಬಿದ್ದುಕೊಂಡಿತು. ಆ ಹುಲ್ಲಿನಲ್ಲಿ ಯಾರು ಯಾರು ವಾಸವಾಗಿದ್ದರೆಂದು ಯಾರೂ ವಿಚಾರಿಸಲಿಲ್ಲ.

ದಸರೆಯ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು, ಅಣೆಕಟ್ಟು ತುಂಬಿತ್ತು, ಸಿಂಹಗಡದ ಕಡೆಯಿಂದ ಒಳ್ಳೆಯ ಗಾಳಿ. ಓಟದಲ್ಲಿಲ್ಲದವರು ಕಾವಲು ದೋಣಿಯಲ್ಲಿ ಕೂರುವುದು ಮಂಡಳದ ಪದ್ಧತಿ. ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳುವ ಆ ಮೋಟಾರು ದೋಣಿಯಲ್ಲಿ ಪ್ರಫುಲ್ಲಾ ಜೀವರಕ್ಷಕ ಜಾಕೀಟು ತೊಟ್ಟು, ಅತಿ ದೂರದಲ್ಲಿ ಗುರುತಿಗೆ ತೇಲಿಬಿಟ್ಟ ಕೇಸರಿ ಪೀಪಾಯಿಯ ಬಳಿ ಕಾದಳು. ಅದನ್ನು ಮೂರು ಸಲ ಸುತ್ತಿ ಬರುವುದೇ ಓಟ.

ಕರಿಯ ದೋಣಿ ಮೊದಲ ಸುತ್ತಿನಲ್ಲೇ ಮುಂದಿತ್ತು. ಹಾಯಿ ತುಂಬಿಕೊಂಡು, ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಬಂತು. ಪ್ರಫುಲ್ಲಾಳ ಕಣ್ಣು ಹೊರಕ್ಕೆ ವಾಲಿ ಕೂರುವ ಜಾಗದ ಮೇಲೇ ಇತ್ತು. ಆ ಜಾಗ ತನ್ನದು. ಅಲ್ಲಿ ಬೋಳುಮಂಡೆಯ ಹುಡುಗ ಕೂತಿದ್ದ, ಯಾಕೋ ಒಂದೇ ಸಮನೆ ಕಾಲು ಕೆರೆದುಕೊಳ್ಳುತ್ತಿದ್ದ.

ಎರಡನೇ ಸುತ್ತಿಗೆ ಬಂದಾಗ ದೋಣಿಯ ಹಿಂದೆ ನೀರಿನಲ್ಲಿ ಕಂದು ಗೆರೆಯೊಂದು ಎಳೆದುಕೊಂಡು ಬರುತ್ತಿತ್ತು. ಚೇತನ ಕೂತಲ್ಲೇ ಕುಣಿಯುತ್ತಿದ್ದ. "ಹೊರಗೆ ವಾಲು ಮಾರಾಯ, ವಾಲು!" ಎಂದು ಮೋಹನದಾಸ್ ಕೂಗುತ್ತಿದ್ದ. ಕೂಗುತ್ತಲೇ ತನ್ನ ಕುತ್ತಿಗೆಗೂ ಫಟಾರನೆ ಹೊಡೆದುಕೊಂಡ. ಕೆಂಪಿರುವೆಗಳು. ರಾತ್ರಿಯೆಲ್ಲ ಬೆಲ್ಲದಲ್ಲಿ ಸಂಸಾರ ಹೂಡಿದ್ದವು. ನೀರು ನುಗ್ಗಿ ಬೆಲ್ಲ ಕರಗುತ್ತಿದ್ದಂತೆ ಒಣಗಿದ ಜಾಗ ಹುಡುಕಿಕೊಂಡು ಹೊರಟಿದ್ದವು. ಆ ದೋಣಿಯಲ್ಲಿ ಒಣಗಿದ ಜಾಗಗಳೆಂದರೆ ಎರಡೇ: ಮಾವ ಮತ್ತು ಅಳಿಯ.

ಮೂರನೇ ಸುತ್ತಿನಲ್ಲಿ ಪೀಪಾಯಿ ಹತ್ತಿರವಾಗುತ್ತಿದ್ದಂತೆ ಚೇತನ "ಸಾರಿ ಮಾವ!" ಎಂದು ಕಿರುಚಿ ನೀರಿಗೆ ಹಾರಿದ. ಕಾವಲು ದೋಣಿಯವರು ಅವನನ್ನು ಎಳೆದುಕೊಂಡರು. ಅವನು ಅವರ ದೋಣಿಯಲ್ಲೂ ಕುಣಿದ. ಅತ್ತ ಕರಿಯ ದೋಣಿಯ ಒಂದು ಬದಿ ಗಾಳಿಗೆ ಮೇಲೆದ್ದಿತು. ಮೋಹನದಾಸ್ ಹಾಯಿಯ ಹಗ್ಗ ಸಡಿಲ ಬಿಟ್ಟು ಹೇಗೋ ಮಗುಚದಂತೆ ಹಿಡಿದ. ದೋಣಿ ನಿಂತಿತು. ಒಬ್ಬನೇ ಮುಟ್ಟಿದರೆ ಓಟ ಲೆಕ್ಕಕ್ಕಿಲ್ಲ. ದೂರದಲ್ಲಿ ಪೇಂಡ್ಸೆ ಕಾಕಾರ ಹಾಯಿ ದೊಡ್ಡದಾಗುತ್ತಿತ್ತು.

"ಪ್ರಫುಲ್ಲಾ!" ಮೋಹನದಾಸನ ಧ್ವನಿ ಕೀರಲಾಗಿತ್ತು. "ಬಾ! ಇಬ್ಬರು ಮುಟ್ಟಬೇಕು ಅಂತ ಮಾತ್ರ ಉಂಟು, ಅದೇ ಇಬ್ಬರು ಅಂತ ಇಲ್ಲ!"

ಅದು ನಿಜ. ಒಂದು ವರ್ಷ ಪೇಂಡ್ಸೆ ಕಾಕಾರ ಭಾವಮೈದುನ ನೀರಿಗೆ ಬಿದ್ದಾಗ, ಅವರು ಕಾವಲಿನವನನ್ನೇ ಹತ್ತಿಸಿಕೊಂಡು ಗೆದ್ದು, ಅದನ್ನೇ ನಿಯಮ ಮಾಡಿಸಿದ್ದರು. ಆದರೆ ಪ್ರಫುಲ್ಲಾ ಆ ಗಳಿಗೆಯಲ್ಲಿ ನಿಯಮ ಯೋಚಿಸಲಿಲ್ಲ. ಬರುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು ಎಂದು ಮನಸ್ಸು ಹೇಳಿತು. ಕಾಲು ಅದಾಗಲೇ ಕರಿಯ ದೋಣಿಯ ಮೇಲಿತ್ತು.

"ಹಗ್ಗ ಎಳೀರಿ. ಗಾಳಿ ಬಲಕ್ಕೆ ತಿರುಗ್ತಾ ಉಂಟು," ಎಂದಳು.

ದೋಣಿ ಹಾರಿತು. ಬದಿ ಮೇಲೇಳುತ್ತಿದ್ದಂತೆ ಅವಳು ಅಭ್ಯಾಸದಂತೆ ಹಿಂದಕ್ಕೆ ಜಾರಿ, ಹಲಗೆಯ ತುದಿ ಹಿಡಿಯಲು ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಹಲಗೆ ಇರಲಿಲ್ಲ. ಅವಳು ಬೆನ್ನಡಿಯಾಗಿ ಬೀಳುವಷ್ಟರಲ್ಲಿ ಮೋಹನದಾಸ್ ಅವಳ ಜಾಕೀಟಿನ ಪಟ್ಟಿ ಹಿಡಿದೆಳೆದ. ಇಬ್ಬರ ಮುಖವೂ ಹತ್ತಿರವಾದವು. ಅವನ ಮೂಗಿನ ಮೇಲೆ ಒಂದು ಇರುವೆ ನಡೆಯುತ್ತಿತ್ತು.

ಅವನು ಅವಳ ಖಾಲಿ ಕೈಯನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. "ಮುಂದೆ ನೋಡಿ," ಎಂದು ಅವಳೇ ಎಚ್ಚರಿಸಬೇಕಾಯಿತು. ಉಳಿದ ದಾರಿಯುದ್ದಕ್ಕೂ ಅವಳು ಕಂಬದ ಹಗ್ಗ ಹಿಡಿದು ವಾಲಿದಳು. ಅವನು ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಅವಳ ಜಾಕೀಟು ಹಿಡಿದಿದ್ದ. ಇರುವೆ ಕಚ್ಚಿದರೂ ಯಾವ ಕೈಯನ್ನೂ ಬಿಡಲಿಲ್ಲ.

ಅವರೇ ಮೊದಲು ಮುಟ್ಟಿದರು. ಡೋಲು ತಾಶೆ ಬಡಿದವು. ಮಲಕಪ್ಪ ಬೆಳಗಿನ ಪೂಜೆ ಮುಗಿಸಿ ಹೂವಿನ ಸಮೇತ ತಂದಿದ್ದ ಕಾಟಾದ ಮೇಲೆ, ಗೆದ್ದವರನ್ನು ಮರಳಿ ತೂಗುವ ಪದ್ಧತಿಯಂತೆ, ಕರಿಯ ದೋಣಿಯನ್ನು ಇಟ್ಟರು. ಪಾರ್ಸಲ್ ಕವರು ಬಿಚ್ಚಿದರೆ ಮೂರು ಪೆಂಟಿ ಇದ್ದಲ್ಲಿ ತೆಂಗಿನಕಾಯಿ ಗಾತ್ರದ ಮೂರು ಲಾಡು ಇದ್ದವು.

"ಇಪ್ಪತ್ತೈದು ಕಿಲೋ ಕಮ್ಮಿ," ಎಂದ ಮಲಕಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು. ಒಳ್ಳೆಯ ಬೆಲ್ಲ ಅದು. "ಓಟ ಲೆಕ್ಕಕ್ಕಿಲ್ಲರಿ. ಪೇಂಡ್ಸೆಯವರು ಗೆದ್ದರು." ಆಮೇಲೆ ಕಿಸೆಯಿಂದ ಬನ್ನಿ ಎಲೆ ತೆಗೆದು ಮೋಹನದಾಸನ ಕೈಗಿಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ."

ಮೋಹನದಾಸ್ ಬನ್ನಿ ತೆಗೆದುಕೊಂಡ. ಮೈತುಂಬ ದದ್ದು. ಹೋಟೆಲಿನ ವ್ಯಾನು ಹತ್ತಿ ಹೊರಟೇಹೋದ.

"ಸಿಟ್ಟು ಬಂತು ಶೇಟ್‌ಗೆ," ಎಂದು ಪೇಂಡ್ಸೆ ಕಾಕಾ ಮರುಗಿದರು. ತಪ್ಪು ತನ್ನದೂ ಹೌದು ಎನಿಸಿತು ಪ್ರಫುಲ್ಲಾಗೆ. ಹೇಳಬೇಕಿತ್ತು. ಆಷಾಢದಲ್ಲೇ ಹೇಳಿಬಿಟ್ಟಿದ್ದರೆ ಹುಡುಗನ ಕೂದಲಾದರೂ ಉಳಿಯುತ್ತಿತ್ತು. ಚೇತನನ ಬೆನ್ನಿಗೆ ಸುಣ್ಣ ಹಚ್ಚುತ್ತ, ದಡದಲ್ಲಿ ಕೂತು ಕಾದಳು.

ಊಟದ ಹೊತ್ತಿಗೆ ವ್ಯಾನು ಮರಳಿ ಬಂತು. ಅದರ ತಲೆಯ ಮೇಲೆ ಹಲಸಿನ ಹಲಗೆ ಕಟ್ಟಿತ್ತು.

"ಚೇತನ, ಒಂದು ಕಡೆ ಹಿಡಿ," ಎಂದ ಮೋಹನದಾಸ್. ಇಬ್ಬರೂ ಉಳಿದ ಬೆಲ್ಲ ತೆಗೆದು, ಅದನ್ನು ಕರಿಯ ದೋಣಿಯ ಅಡ್ಡಕ್ಕೆ ಇಟ್ಟು ಕಟ್ಟಿದರು. "ಮಲಕಪ್ಪಣ್ಣ, ಈಗ ತೂಗಿ."

ಮಲಕಪ್ಪ ಕನ್ನಡಕ ಏರಿಸಿದ. "ಸರೀ ಅದರಿ! ಒಂದು ಕಿಲೋ ಹೆಚ್ಚಽ ಅದ."

"ಮಾವ, ಆ ಒಂದು ಕಿಲೋ ಬೇಕಾದ್ರೆ ಅಂಚು ಕೆತ್ತಿ ಇಳಿಸ್ಬಹುದು," ಎಂದ ಚೇತನ, ದದ್ದುಗಳ ನಡುವಿನಿಂದ.

"ಮುಟ್ಟಿದ್ರೆ ಕೈ ಮುರೀತೇನೆ," ಎಂದ ಮೋಹನದಾಸ್. ಆಮೇಲೆ ಹೆಂಡತಿಯ ಕಡೆ ತಿರುಗದೆ, ಹಲಗೆಯ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತ ಹೇಳಿದ: "ಬಾಗಿಲ ಪಕ್ಕದಲ್ಲೇ ಇತ್ತು. ನಿನ್ನೆ ಅದಕ್ಕೇ ಕೈಯೂರಿ ಚಪ್ಪಲಿ ತೆಗೆದೆ. ಬೊಟ್ಟು ಇಡದೆ ಬಿಟ್ಟದ್ದು ಅದೊಂದಕ್ಕೇ ಅಲ್ವಾ? ಈಗ ಕಂಡಿತು."

ಪ್ರಫುಲ್ಲಾ ಕೈಯ ಸುಣ್ಣ ಒರೆಸಿಕೊಂಡು ಎದ್ದಳು. "ಆ ತೂಕದ ನಿಯಮಕ್ಕೆ ನಾನೂ ಕೈ ಎತ್ತಿದ್ದೆ," ಎಂದಳು. "ಹೇಳ್ಲಿಕ್ಕೆ ಅಂತಲೇ ಅವತ್ತು ಉಗ್ರಾಣಕ್ಕೆ ಬಂದದ್ದು. ನೀವು ನನ್ನನ್ನು ಈರುಳ್ಳಿಯ ಹಾಗೆ ತೂಗಿದ್ರಿ."

ಮೋಹನದಾಸ್ ಗಂಟು ಬಿಗಿಯುವುದನ್ನು ನಿಲ್ಲಿಸಿದ. ಮಲಕಪ್ಪ ಈ ಮಾತುಕತೆಯ ನಡುವೆ ತನಗೇನು ಕೆಲಸವೆಂದು ಕಾಟಾ ಎತ್ತಿಸಲು ಹೋದ.

"ತಡೀರಿ ಮಲಕಪ್ಪಣ್ಣ," ಎಂದಳು ಪ್ರಫುಲ್ಲಾ. "ಇವರನ್ನೂ ಒಮ್ಮೆ ಅದರ ಮೇಲೆ ನಿಲ್ಲಿಸಿ."

ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೋಹನದಾಸ್ ಹೊಟ್ಟೆ ಒಳಕ್ಕೆಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಎಂತಕ್ಕೆ? ನಿಯಮದಲ್ಲಿ ದೋಣಿಯ ತೂಕ ಮಾತ್ರ ಉಂಟು! ಕೂರುವವರ ತೂಕ ಕೇಳುವ ಹಕ್ಕು ಯಾರಿಗೂ ಇಲ್ಲ!"

"ಹೌದಾ ಮಲಕಪ್ಪಣ್ಣ?"

"ಹೌದ್ರಿ ವೈನಿ. ಮೊದಲಿಂದ ಹಂಗಽ ಅದ."

"ಇನ್ನೊಮ್ಮೆ ಹೇಳಿ," ಎಂದಳು ಅವಳು ಗಂಡನಿಗೆ.

"ಕೂರುವವರ ತೂಕ ಕೇಳುವ ಹಕ್ಕು..." ಎಂದು ಶುರುಮಾಡಿದ ಮೋಹನದಾಸನಿಗೆ ಅರ್ಧಕ್ಕೆ ತನ್ನ ಮಾತು ತನಗೇ ಕೇಳಿಸಿತು. ಧ್ವನಿ ತಗ್ಗಿತು. "...ಯಾರಿಗೂ ಇಲ್ಲ," ಎಂದು ಮೆಲ್ಲಗೆ ಮುಗಿಸಿದ.

ದೋಣಿಯನ್ನು ಕಾಟಾದಿಂದ ಇಳಿಸಿ ನೀರಿನಂಚಿಗೆ ತಂದಿಟ್ಟರು. ಓಟ ಮುಗಿದಿತ್ತು, ಬಹುಮಾನ ಪೇಂಡ್ಸೆ ಕಾಕಾರ ಮನೆ ಸೇರಿತ್ತು, ಗಾಳಿ ಮಾತ್ರ ಇನ್ನೂ ಬೀಸುತ್ತಿತ್ತು. ಪ್ರಫುಲ್ಲಾ ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ಹಲಗೆಯ ಮೇಲೆ ತನ್ನ ಜಾಗದಲ್ಲಿ ಕೂತು, ಅದರ ತುದಿಯನ್ನು ಕೈಯಿಂದ ಒಮ್ಮೆ ಮುಟ್ಟಿ ನೋಡಿದಳು.

"ದೂಡಿ," ಎಂದಳು.